ಉಂಡ ಮೇಲೆ ಎದೆ ಬಡಿತ

(ಬಂಗಾರಪೇಟೆಯಲ್ಲಿ ಮಾಡಿದ ದತ್ತಿ ಉಪನ್ಯಾಸದ ಬರಹರೂಪ)



ಆಹ್ವಾನ ಪತ್ರಿಕೆಯಲ್ಲಿ ಸಂಜೆ ಆರು ಎಂದಿದೆ. ಈಗ ಏಳು ದಾಟಿದೆ. ಯಾರನ್ನೂ ದೂರುವಂತಿಲ್ಲ, ಬೆಂಗಳೂರಿನ ಗಾಡಿ ಬಂದು ನಿಂತ ಮೇಲೇ ಈ ಊರಿಗೆ ಸಂಜೆಯಾಗುವುದು. ಹಿಂದಿನ ಸಾಲಿನಲ್ಲಿ ಕೆಲವರ ತೊಡೆಯ ಮೇಲೆ ಊಟದ ಡಬ್ಬಿಯ ಚೀಲ ಇನ್ನೂ ಹಾಗೇ ಇದೆ. ನಸುಕಿನಲ್ಲಿ ತುಂಬಿದ ಡಬ್ಬಿ ಅದು. ನನ್ನ ಮಾತು ಆ ಡಬ್ಬಿಯಿಂದ ಹೊರಟು ಎದೆಯವರೆಗೆ ಹೋಗುತ್ತದೆ.

ದತ್ತಿ ಯಾರ ನೆನಪಿನದೋ ಅವರ ಹೆಸರನ್ನು ವೇದಿಕೆಯಲ್ಲಿ ಹೇಳಬೇಡಿ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಅವರು ಹಾಕಿದ ಷರತ್ತು ಎರಡೇ: ಉಪನ್ಯಾಸ ಕನ್ನಡದಲ್ಲಿರಬೇಕು, ಊಟ ಆರಿಹೋಗುವ ಮೊದಲು ಮುಗಿಯಬೇಕು. ಎರಡನೆಯದು ವೈದ್ಯಕೀಯವಾಗಿಯೂ ಒಳ್ಳೆಯ ಷರತ್ತು, ಯಾಕೆಂದು ಆಮೇಲೆ ಹೇಳುತ್ತೇನೆ.

ಈ ಕಡೆ ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದವನ ಕಿವಿಯಲ್ಲಿ ಮೂರು ಭಾಷೆ ಕೂತಿರುತ್ತವೆ. ಆ್ಯಂಡರ್ಸನ್‌ಪೇಟೆಯಿಂದ ಬಂದವರು 'ನೆಂಜು ಪಡಪಡಂಗುದು' ಎನ್ನುತ್ತಾರೆ. ಬೇತಮಂಗಲದ ಕಡೆಯ ತೆಲುಗಿನವರಿಗೆ ಅದು 'ಗುಂಡೆ ದಡ'. ಬೂದಿಕೋಟೆ, ಕಾಮಸಮುದ್ರದ ಕನ್ನಡದವರು 'ಎದೆ ಹೊಡ್ಕೊಂತೈತೆ' ಎಂದು ಅಂಗೈಯಲ್ಲೇ ತಟ್ಟಿ ತೋರಿಸುತ್ತಾರೆ. ಮೂರು ಭಾಷೆ ಮುಗಿದ ಮೇಲೆ ಕೊನೆಗೆ ಬರುವ ಮಾತು ಮಾತ್ರ ಎಲ್ಲರದೂ ಒಂದೇ: 'ಗ್ಯಾಸ್ಟ್ರಿಕ್ಕು ಸಾರ್.' ಇಂಗ್ಲಿಷಿನಲ್ಲಿ ಬರೀ ವಿಶೇಷಣವಾಗಿದ್ದ ಪದ ನಮ್ಮಲ್ಲಿ ನಾಮಪದವಾಗಿ, ಕಾಯಿಲೆಯಾಗಿ, ಈಗೀಗ ಮನೆಯ ಒಬ್ಬ ಸದಸ್ಯನೇ ಆಗಿಬಿಟ್ಟಿದೆ. 'ನಮ್ಮ ಯಜಮಾನರಿಗೆ ಗ್ಯಾಸ್ಟ್ರಿಕ್ ಇದೆ' ಎಂದು ಹೇಳುವಾಗ ದನಿಯಲ್ಲಿ ಒಂದು ಸಲುಗೆ ಇರುತ್ತದೆ.

ಇದನ್ನು ಗೇಲಿ ಮಾಡಲು ನಾನು ಬಂದಿಲ್ಲ. ಗೇಲಿ ಮಾಡುವುದು ಸುಲಭ, ನನ್ನ ವೃತ್ತಿಬಾಂಧವರು ಮಾಡುತ್ತಲೂ ಇರುತ್ತಾರೆ. ಹೊಟ್ಟೆ ಉಬ್ಬಿದರೆ ಎದೆ ಬಡಿತ ತಪ್ಪುತ್ತದೆ ಎಂದು ರೋಗಿ ಹೇಳಿದಾಗ ಅವನು ಅರ್ಧ ಸರಿಯಾಗಿಯೇ ಹೇಳುತ್ತಿರುತ್ತಾನೆ. ನನ್ನ ತಕರಾರು ಇರುವುದು ಉಳಿದರ್ಧದ ಮೇಲೆ.

ಸರಿಯಾದ ಅರ್ಧವನ್ನು ಮೊದಲು ನೋಡೋಣ. ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸಲು ಮುದ್ದೆಗಿಂತ ಒಳ್ಳೆಯ ಉಪಕರಣ ಇಲ್ಲ. ಮುದ್ದೆಯನ್ನು ಅಗಿಯುವವನು ಹೊರಗಿನವನು. ತುತ್ತು ಮುರಿದು, ಉಂಡೆ ಮಾಡಿ, ಅವರೆಕಾಳಿನ ಸಾರಿನಲ್ಲೋ ಬಸ್ಸಾರಿನಲ್ಲೋ ಹೊರಳಿಸಿ ನುಂಗಬೇಕು. ಆ ಬಿಸಿ ಉಂಡೆ ಗಂಟಲು ದಾಟಿ ಇಳಿಯುವ ದಾರಿ ಅನ್ನನಾಳ. ಬೆನ್ನುಮೂಳೆಗೂ ಹೃದಯಕ್ಕೂ ನಡುವೆ ಅದು ಇಳಿಯುತ್ತದೆ. ಹೃದಯದ ನಾಲ್ಕು ಕೋಣೆಗಳಲ್ಲಿ ತೀರ ಹಿಂದಕ್ಕಿರುವುದು ಎಡ ಹೃತ್ಕರ್ಣ. ಅನ್ನನಾಳ ಅದರ ಬೆನ್ನಿಗೇ ಒರಗಿಕೊಂಡಂತೆ ಹಾದುಹೋಗುತ್ತದೆ. ನಡುವಿನ ಅಂತರ ಕೆಲವೇ ಮಿಲಿಮೀಟರು. ಅಂದರೆ ನೀವು ನುಂಗುವ ಒಂದೊಂದು ತುತ್ತೂ ಹೃದಯದ ಬೆನ್ನು ಸವರಿಕೊಂಡೇ ಕೆಳಗಿಳಿಯುತ್ತದೆ. ಆಮೇಲೆ ವಪೆ ಎಂಬ ತೆಳು ಸ್ನಾಯುಪರದೆ. ಪರದೆಯ ಮೇಲೆ ಹೃದಯ ಕೂತಿದೆ, ಕೆಳಗೆ ಎಡಕ್ಕೆ ಜಠರ. ಜಠರದ ಮೇಲ್ಭಾಗ ಗಾಳಿಯಿಂದ ಉಬ್ಬಿದರೆ ಪರದೆ ಮೇಲಕ್ಕೇಳುತ್ತದೆ. ಮೇಲಿನ ಮನೆಯವನಿಗೆ ಅದು ಗೊತ್ತಾಗದೆ ಇರುವುದಿಲ್ಲ.

ಇದನ್ನು ಗಂಭೀರವಾಗಿ ಬರೆದಿಟ್ಟವನು ಜರ್ಮನಿಯ ವೈದ್ಯ ಲುಡ್ವಿಗ್ ರೋಮ್‌ಹೆಲ್ಡ್, 1912ರಲ್ಲಿ. ಉಂಡ ಮೇಲೆ ಹೊಟ್ಟೆ ಉಬ್ಬರಿಸಿ ಎದೆ ಬಡಿತ ಏರುಪೇರಾಗುವುದು, ಉಸಿರು ಕಟ್ಟಿದಂತಾಗುವುದು, ಹೃದಯದಲ್ಲಿ ಹುಡುಕಿದರೆ ದೋಷ ಸಿಗದಿರುವುದು: ಇಂಥವರನ್ನು ಅವನು ಒಟ್ಟು ಸೇರಿಸಿ ನೋಡಿದ. ಇವತ್ತಿಗೂ ಅದಕ್ಕೆ ರೋಮ್‌ಹೆಲ್ಡ್ ಸಿಂಡ್ರೋಮ್ ಎನ್ನುವವರಿದ್ದಾರೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಅದಕ್ಕೆ 'ಗ್ಯಾಸ್ ಹಾರ್ಟಿಗೆ ಹೊಡೆಯೋದು' ಎನ್ನುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ಸ್ಪಷ್ಟವಾದ ಹೆಸರು ಎಂದು ನನ್ನನ್ನು ಕೇಳಬೇಡಿ.

ಒತ್ತಡ ಒಂದೇ ಅಲ್ಲ, ತಂತಿಯೂ ಇದೆ. ಮಿದುಳಿನ ಬುಡದಿಂದ ಹೊರಟ ಹತ್ತನೆಯ ನರ, ವೇಗಸ್, ಕತ್ತಿನಲ್ಲಿ ಇಳಿದು ಹೃದಯಕ್ಕೆ ಕವಲು ಕೊಟ್ಟು, ಅನ್ನನಾಳವನ್ನು ತಬ್ಬಿಕೊಂಡು ಹೊಟ್ಟೆಗೆ ಹೋಗುತ್ತದೆ. ಒಂದೇ ಲೈನಿನ ಮೇಲೆ ಎರಡು ಸ್ಟೇಷನ್. ಆ ನರ ಹೃದಯಕ್ಕೆ ಏನು ಹೇಳುತ್ತದೆಂದು ಆಸ್ಟ್ರಿಯಾದ ಗ್ರಾಟ್ಸ್ ಊರಿನಲ್ಲಿ ಆಟೊ ಲೋವಿ ಕಂಡುಹಿಡಿದ ಕತೆ ಸೊಗಸಾಗಿದೆ. ರಾತ್ರಿ ಕನಸಿನಲ್ಲಿ ಪ್ರಯೋಗ ಹೊಳೆಯಿತಂತೆ, ಎದ್ದು ಕಾಗದದಲ್ಲಿ ಗೀಚಿಕೊಂಡನಂತೆ, ಬೆಳಿಗ್ಗೆ ತನ್ನ ಬರಹ ತನಗೇ ಓದಲಾಗಲಿಲ್ಲವಂತೆ. ಮಾರನೆಯ ರಾತ್ರಿ ಅದೇ ಕನಸು ಮತ್ತೆ ಬಿದ್ದಾಗ ಬೆಳಕು ಹರಿಯಲು ಕಾಯದೆ ಪ್ರಯೋಗಾಲಯಕ್ಕೆ ಓಡಿದ. ಎರಡು ಕಪ್ಪೆಯ ಹೃದಯಗಳು. ಒಂದರ ವೇಗಸ್ ನರವನ್ನು ಕೆರಳಿಸಿದ, ಅದರ ಬಡಿತ ನಿಧಾನವಾಯಿತು. ಅದು ಮುಳುಗಿದ್ದ ದ್ರವವನ್ನು ಎರಡನೆಯದಕ್ಕೆ ಸುರಿದ, ಅದೂ ನಿಧಾನವಾಯಿತು. 1921ರಲ್ಲಿ ಪ್ರಕಟಿಸಿದ ಈ ಕೆಲಸಕ್ಕೆ 1936ರಲ್ಲಿ ನೊಬೆಲ್ ಬಂತು. ಆ ದ್ರವದಲ್ಲಿದ್ದದ್ದು ಅಸೆಟೈಲ್‌ಕೋಲಿನ್. ಭಾರಿ ಊಟ ಮಾಡಿ ಕಣ್ಣು ಎಳೆಯುತ್ತಾ ಕೂತಾಗ ನಿಮ್ಮ ಎದೆಯಲ್ಲೂ ಕೆಲಸ ಮಾಡುತ್ತಿರುವುದು ಅದೇ.

ಈಗ 'ತಪ್ಪುವುದು' ಅಂದರೆ ಏನೆಂದು ತೋರಿಸುತ್ತೇನೆ. ಈ ಮೇಜಿನ ಮೇಲೆ ತಟ್ಟುತ್ತೇನೆ, ಕೇಳಿಸಿಕೊಳ್ಳಿ. ಟಕ್, ಟಕ್, ಟಕ್, ಟಟಕ್… ಟಕ್. ಮೂರು ಸರಿಯಾದ ಬಡಿತ. ನಾಲ್ಕನೆಯದರ ಬೆನ್ನಿಗೇ ಸರದಿ ಮುರಿದು ಒಂದು ಅವಸರದ ಬಡಿತ ನುಗ್ಗಿತು. ಆಮೇಲೆ ಒಂದು ಬಿಡುವು. ಬಿಡುವಿನಲ್ಲಿ ಹೃದಯಕ್ಕೆ ಮಾಮೂಲಿಗಿಂತ ಹೆಚ್ಚು ರಕ್ತ ತುಂಬಿಕೊಂಡಿತು, ಹಾಗಾಗಿ ಮುಂದಿನ ಬಡಿತ ಜೋರಾಗಿ ಗುದ್ದಿತು. ರೋಗಿಗೆ ಅವಸರದ ಬಡಿತ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬಿಡುವು ಮತ್ತು ಗುದ್ದು. 'ಒಂದು ಕ್ಷಣ ನಿಂತೇಹೋಯ್ತು ಸಾರ್, ಆಮೇಲೆ ಧಪ್ ಅಂತು' ಎನ್ನುವುದು ಇದನ್ನೇ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಯಂತ್ರ ಕೆಲವು ಸಲ ಹೀಗೆ ಎಡವುತ್ತದೆ. ಹೃದಯ ಗಟ್ಟಿಯಿದ್ದವರಿಗೆ ಇದರಿಂದ ಅಪಾಯ ಬಹುಮಟ್ಟಿಗೆ ಇಲ್ಲ.

ನನಗೂ ಆಗಿದೆ. ಅವರೆಕಾಯಿಯ ಕಾಲ, ಮಾರ್ಗಶಿರದ ಚಳಿ. ಮನೆಯಲ್ಲಿ ಹಿತಕಿದ ಬೇಳೆ ಸಾರು, ಎರಡರ ಜಾಗದಲ್ಲಿ ಮೂರು ಮುದ್ದೆ. ಹತ್ತೂವರೆಗೆ ಉಂಡು ಹತ್ತೂಮುಕ್ಕಾಲಿಗೆ ಎಡಮಗ್ಗುಲಾಗಿ ಮಲಗಿದೆ. ದಿಂಬಿನೊಳಗಿಂದ ಯಾರೋ ತಟ್ಟುತ್ತಿದ್ದಾರೆ ಅನ್ನಿಸಿತು. ಕೈ ನೋಡಿಕೊಂಡೆ: ಆರಕ್ಕೊಂದು, ಏಳಕ್ಕೊಂದು ತಪ್ಪುತ್ತಿದೆ. ಮೂವತ್ತು ವರ್ಷ ಬೇರೆಯವರಿಗೆ 'ಏನಿಲ್ಲ ಹೋಗಿ' ಎಂದವನಿಗೆ ಆ ರಾತ್ರಿ 'ಏನಿಲ್ಲ' ಎಂದು ಹೇಳಿಕೊಳ್ಳುವುದು ಎಷ್ಟು ಕಷ್ಟ ಎಂದು ತಿಳಿಯಿತು. ಎದ್ದು ಕೂತೆ, ಎರಡು ತೇಗು ಬಂತು, ಬಡಿತ ಸರಿಹೋಯಿತು. ಬೆಳಿಗ್ಗೆ ಮಾತ್ರ ಇಸಿಜಿ ಮಾಡಿಸಿಕೊಂಡೆ. ತೇಗು ಬಂದರೆ ಸಾಕು ಎಂದು ಬಿಡದ್ದಕ್ಕೆ ಕಾರಣ ಇದೆ, ಅದಕ್ಕೆ ಬರುತ್ತೇನೆ.

ಇದೇ ಕುಟುಂಬಕ್ಕೆ ಸೇರಿದ ಇನ್ನೊಂದು ತೊಂದರೆ ಇದೆ, ಅದನ್ನು ಲಘುವಾಗಿ ಕಾಣುವಂತಿಲ್ಲ. ಏಟ್ರಿಯಲ್ ಫಿಬ್ರಿಲೇಶನ್. ಹೃತ್ಕರ್ಣ ಸಂಕುಚಿಸುವುದನ್ನೇ ಬಿಟ್ಟು, ನಿಮಿಷಕ್ಕೆ 350ರಿಂದ 600 ಸಲ ಬರೀ ಅದುರುತ್ತದೆ. ಅದರಲ್ಲಿ ಕೆಲವು ಮಾತ್ರ ಕೆಳಕ್ಕೆ ದಾಟುವುದರಿಂದ ನಾಡಿಗೆ ತಾಳವೇ ಇರುವುದಿಲ್ಲ. ಇದು ತಪ್ಪುವುದೂ ಅಲ್ಲ, ಲಯವೇ ಇಲ್ಲದಿರುವುದು. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ, ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಫ್ರಾನ್ಸಿನ ಫಿಲಿಪ್ ಕುಮೆಲ್ ಎಂಬ ವೈದ್ಯ ಈ ಕಾಯಿಲೆಯಲ್ಲಿ ಒಂದು ಬಗೆಯನ್ನು ಗುರುತಿಸಿದ: ಹೃದಯದಲ್ಲಿ ಬೇರೆ ದೋಷವಿಲ್ಲದ ಗಂಡಸರು, ಹೆಚ್ಚಾಗಿ ನಡುವಯಸ್ಸಿನವರು, ಅದು ಶುರುವಾಗುವುದು ರಾತ್ರಿ ಹೊತ್ತು, ಇಲ್ಲವೆ ಊಟವಾದ ಮೇಲೆ ವಿಶ್ರಮಿಸುವಾಗ. ವೇಗಸ್ ನರದ ಕೈವಾಡ. ಅದೇ ದೇಶದ ಬೋರ್ಡೊ ಊರಿನ ಐಸಾಗೇರ್ ತಂಡ 1998ರಲ್ಲಿ ಇನ್ನೊಂದು ಹೆಜ್ಜೆ ಹೋಗಿ, ಕಿಡಿ ಹೊತ್ತಿಕೊಳ್ಳುವುದು ಬಹುಪಾಲು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ಬಂದು ಸೇರುವ ರಕ್ತನಾಳಗಳ ಬಾಯಲ್ಲಿ ಎಂದು ತೋರಿಸಿತು. ಈಗ ಆ ಜಾಗವನ್ನು ಕ್ಯಾತಿಟರಿನಿಂದ ಸುಡುತ್ತಾರೆ. ಸುಡುವಾಗ ಅನ್ನನಾಳದಲ್ಲಿ ಒಂದು ಉಷ್ಣಮಾಪಕ ಇಳಿಬಿಟ್ಟು ಕಾಯುತ್ತಾರೆ. ಯಾಕೆ ಹೇಳಿ? ಹೃದಯದ ಹಿಂಗೋಡೆಗೆ ಕೊಟ್ಟ ಶಾಖ ಅನ್ನನಾಳವನ್ನು ಸುಟ್ಟು ತೂತು ಮಾಡಬಹುದು. ಮುದ್ದೆಯ ದಾರಿ ಹೃದಯಕ್ಕೆ ಎಷ್ಟು ಹತ್ತಿರ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ.

ಉಲ್ಟಾ ದಾರಿಯೂ ಉಂಟು. ಬಾಲ್ಯದಲ್ಲಿ ಗಂಟಲುನೋವು ಬಂದು, ಕೀಲು ಊದಿ, ಅದು ಹೃದಯದ ಕವಾಟ ಹಿಡಿದವರಲ್ಲಿ ಎಡ ಹೃತ್ಕರ್ಣ ವರ್ಷಗಟ್ಟಲೆ ಉಬ್ಬುತ್ತಾ ಹೋಗಿ ಅನ್ನನಾಳವನ್ನು ಹಿಂದಕ್ಕೆ ಒತ್ತುತ್ತದೆ. 'ಮುದ್ದೆ ಇಳೀತಿಲ್ಲ' ಎಂದು ಬಂದ ಒಬ್ಬ ಹೆಂಗಸಿಗೆ ತೊಂದರೆ ಇದ್ದದ್ದು ಮೈಟ್ರಲ್ ಕವಾಟದಲ್ಲಿ. ಎಕೊ ಯಂತ್ರ ಬರುವ ಮೊದಲು ವೈದ್ಯರು ಬೇರಿಯಂ ಗಂಜಿ ಕುಡಿಸಿ ಎಕ್ಸ್‌ರೇ ತೆಗೆದು, ಅನ್ನನಾಳ ಎಷ್ಟು ಬಾಗಿದೆ ಎಂಬುದರಿಂದ ಹೃತ್ಕರ್ಣ ಎಷ್ಟು ಹಿಗ್ಗಿದೆ ಎಂದು ಅಳೆಯುತ್ತಿದ್ದರು. ಹೊಟ್ಟೆಯ ದಾರಿಯಿಂದ ಹೃದಯವನ್ನು ಓದುವ ವಿದ್ಯೆ.

ಇನ್ನು ಊರಿಗೆ ಬರೋಣ. ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರಿಗಾಂ, ಕೋರಮಂಡಲ್. ಸ್ಟೇಷನ್ನುಗಳ ಹೆಸರು ಕೇಳಿದರೆ ಚಿನ್ನದ ವಾಸನೆ, ಹತ್ತುವವರ ಕೈಯಲ್ಲಿ ಬೆಂಗಳೂರಿನ ಪಾಸು. 2001ರ ಫೆಬ್ರವರಿ ಕೊನೆಗೆ ಕೋಲಾರ ಚಿನ್ನದ ಗಣಿ, ಅಂದರೆ ಕೆಜಿಎಫ್, ಮುಚ್ಚಿದ ಮೇಲೆ ಊರಿಗೆ ಊರೇ ದುಡಿಮೆಗೆ ಎಪ್ಪತ್ತು, ಎಂಬತ್ತು ಕಿಲೋಮೀಟರು ಓಡಾಡುತ್ತಿದೆ. ಒಬ್ಬ ಪಾಸಿನವನ ಹೊಟ್ಟೆಯ ದಿನಚರಿ ನೋಡಿ. ನಸುಕಿಗೆ ಒಂದು ಕಾಫಿ. ರೈಲಿನಲ್ಲಿ ಇನ್ನೊಂದು. ಹತ್ತಕ್ಕೆ ಕೆಲಸದ ಜಾಗದಲ್ಲಿ ವಡೆಯೋ ಬನ್ನೋ. ಡಬ್ಬಿಯ ಅನ್ನ ಎರಡೂವರೆಗೆ, ಹತ್ತೇ ನಿಮಿಷದಲ್ಲಿ. ಸಂಜೆ ಬಂಗಾರಪೇಟೆಯಲ್ಲಿ ಇಳಿದವನ ಕಾಲು ತಾನಾಗಿ ಪಾನಿಪುರಿ ಅಂಗಡಿಗೆ ತಿರುಗುತ್ತದೆ. ನಮ್ಮೂರ ಪಾನಿಯ ಮಹಿಮೆ ನಿಮಗೆ ಹೇಳಬೇಕಿಲ್ಲ. ನೋಡಲು ಬಾವಿನೀರಿನಷ್ಟು ತಿಳಿ, ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಪುರಿಯನ್ನು ಕಚ್ಚಿ ತಿನ್ನುವಂತಿಲ್ಲ, ಬಾಯಗಲಿಸಿ ಒಂದೇ ಸಲಕ್ಕೆ ಒಳಗೆ ಕಳಿಸಬೇಕು. ಒಂದೊಂದು ಪುರಿಯ ಜೊತೆ ಒಂದು ಗುಕ್ಕು ಗಾಳಿಯೂ ಹೋಗುತ್ತದೆ. ಒಂದು ಪ್ಲೇಟು ಮುಗಿಯುವ ಹೊತ್ತಿಗೆ ಜಠರದ ಮೇಲ್ಛಾವಣಿ ಡೋಲು. ಪಾನಿಪುರಿ ಬಿಡಿ ಎಂದು ಈ ಊರಿನಲ್ಲಿ ಹೇಳುವಷ್ಟು ಧೈರ್ಯ ನನಗಿಲ್ಲ, ನಾನೂ ಬಿಟ್ಟಿಲ್ಲ. ನನ್ನ ಜಗಳ ಅದರ ಮುಂದಿನದರ ಜೊತೆ: ಮನೆ ತಲುಪಿ, ಸ್ನಾನ ಮಾಡಿ, ರಾತ್ರಿ ಹತ್ತಕ್ಕೆ ಇಡೀ ದಿನದ ಹಸಿವನ್ನು ಒಂದೇ ತಟ್ಟೆಯಲ್ಲಿ ತೀರಿಸಿ, ನಾಲ್ಕು ಗಂಟೆಯ ಅಲಾರಂ ಇಟ್ಟು ಹಾಗೇ ಉರುಳಿಕೊಳ್ಳುವುದು. ಆಮ್ಲ ಮೇಲಕ್ಕೆ ಬಂದು ಅನ್ನನಾಳವನ್ನು ಕೆರಳಿಸುತ್ತದೆ, ವೇಗಸ್ ಪಾರುಪತ್ಯ ವಹಿಸಿಕೊಳ್ಳುತ್ತದೆ, ಕುಮೆಲ್ ಹೇಳಿದ ಗಳಿಗೆ ಕೂಡಿಬರುತ್ತದೆ. ಅದಕ್ಕೆ ಶನಿವಾರದ ಕುಡಿತ ಸೇರಿದರೆ ಇನ್ನೊಂದು ಹೆಸರು ಇದೆ, 'ಹಾಲಿಡೇ ಹಾರ್ಟ್'; 1978ರಲ್ಲಿ ಅಮೆರಿಕದ ಎಟಿಂಜರ್ ಮತ್ತು ಸಂಗಡಿಗರು ಇಟ್ಟದ್ದು. ರಜೆಯ ಕುಡಿತದ ಬೆನ್ನಿಗೆ ಲಯ ತಪ್ಪಿ ಬರುವವರಿಗೆ ಆ ಹೆಸರು. ಕೆಜಿಎಫ್ ಕ್ರಿಸ್‌ಮಸ್ಸಿನ ಮನೆಯ ವೈನು ನೆನಪಿರುವವರು ಮುಗುಳ್ನಗುತ್ತಿದ್ದಾರೆ, ಕಾಣಿಸುತ್ತಿದೆ.

ದತ್ತಿಯ ಎರಡನೆಯ ಷರತ್ತು ಒಳ್ಳೆಯದು ಎಂದದ್ದೂ, ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಬಿಡಿ ಎನ್ನುವುದೂ ಅದಕ್ಕೇ. ರೈಲಿನವರಿಗೆ ಅದು ಸಾಧ್ಯವಿಲ್ಲ, ಗೊತ್ತು. ಹಾಗಾದರೆ ದೊಡ್ಡ ಊಟವನ್ನು ಮಧ್ಯಾಹ್ನದ ಡಬ್ಬಿಗೆ ವರ್ಗಾಯಿಸಿ, ರಾತ್ರಿಗೆ ಒಂದು ಮುದ್ದೆ ಸಾಕು. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ. ದಿಂಬು ಏರಿಸಿದರೆ ಕತ್ತು ನೋಯುತ್ತದೆಯೇ ಹೊರತು ಆಮ್ಲ ಇಳಿಯುವುದಿಲ್ಲ. ಎಡಮಗ್ಗುಲು ಆಮ್ಲಕ್ಕೆ ಒಳ್ಳೆಯದು. ಆದರೆ ಎಡಕ್ಕೆ ಮಲಗಿದರೆ ಹೃದಯ ಎದೆಗೋಡೆಗೆ ಹತ್ತಿರ ಬಂದು ಬಡಿತ ಜೋರಾಗಿ ಕೇಳಿಸುತ್ತದೆ, ನನಗೆ ದಿಂಬಿನಲ್ಲಿ ಕೇಳಿಸಿದ ಹಾಗೆ. ಕೇಳಿಸಿದ ಮಾತ್ರಕ್ಕೆ ಕಾಯಿಲೆ ಹೆಚ್ಚಿದೆ ಎಂದಲ್ಲ.

ಗಣಿಯಲ್ಲಿದ್ದವರ ಹೊಟ್ಟೆ, ಹೃದಯಗಳ ಕತೆ ಬೇರೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕಿ ಆಳ. ಅಷ್ಟು ಕೆಳಗೆ ಬಂಡೆಯೇ 60 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಿರುತ್ತದೆ, ಮೇಲಿಂದ ತಣ್ಣನೆಯ ಗಾಳಿ ದಬ್ಬದೆ ಮನುಷ್ಯ ನಿಲ್ಲುವಂತಿರಲಿಲ್ಲ. ಒಂದು ಶಿಫ್ಟಿನಲ್ಲಿ ಮೈಯಿಂದ ಇಳಿಯುತ್ತಿದ್ದ ಬೆವರು ನೀರು ಮಾತ್ರವಲ್ಲ, ಉಪ್ಪೂ ಹೌದು. ಇಲ್ಲಿ ಗಣಿಯ ವೈದ್ಯನಾಗಿದ್ದ ಆಂಥನಿ ಕ್ಯಾಪ್ಲನ್ 1944ರಲ್ಲಿ, ಕೋಲಾರ ಚಿನ್ನದ ಗಣಿಯ ಭೂಗತ ಕಾರ್ಮಿಕರು ಕುಸಿದು ಬೀಳುವುದರ ಬಗ್ಗೆ ಒಂದು ವಿಮರ್ಶಾತ್ಮಕ ವಿಶ್ಲೇಷಣೆ ಬರೆದ. ಬ್ರಿಟನ್ನಿನ ಗಣಿಗಾರಿಕೆಯ ಸಂಸ್ಥೆಯೊಂದರ ನಡಾವಳಿಯಲ್ಲಿ ಅದು ಅಚ್ಚಾಯಿತು. ಆಮೇಲೆ ವೇಲ್ಸ್‌ಗೆ ಹೋಗಿ ಕಲ್ಲಿದ್ದಲ ಗಣಿಯವರ ಶ್ವಾಸಕೋಶ ನೋಡಿದ, 1953ರಲ್ಲಿ ಅವನು ವರ್ಣಿಸಿದ್ದು ಕ್ಯಾಪ್ಲನ್ ಸಿಂಡ್ರೋಮ್ ಎಂದು ಅವನ ಹೆಸರಿನಲ್ಲೇ ಪಠ್ಯಪುಸ್ತಕ ಸೇರಿತು. ವೈದ್ಯ ವಿದ್ಯಾರ್ಥಿಗಳಿಗೆ ವೇಲ್ಸ್ ಗೊತ್ತು, ಕೆಜಿಎಫ್ ಗೊತ್ತಿಲ್ಲ. ನನಗೆ ಹಿಡಿಸುವುದು ಆ ಮೊದಲ ಲೇಖನದ ತಲೆಬರಹ. ಮನುಷ್ಯ ಕುಸಿದ ಎಂದರೆ ಅಲ್ಲಿಗೆ ಮುಗಿಯಲಿಲ್ಲ, ಯಾಕೆ ಎಂದು ಬಿಡಿಸಿ ನೋಡಬೇಕು ಎಂಬ ಹಟ ಅದರಲ್ಲಿದೆ. ಗ್ಯಾಸ್ಟ್ರಿಕ್ ಎಂಬ ಪದಕ್ಕೂ ಅಂಥದೊಂದು ವಿಶ್ಲೇಷಣೆ ಬೇಕಿತ್ತು.

ಬೆವರಿನ ಜಾಗದಲ್ಲಿ ಇವತ್ತು ಭೇದಿ ಇದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಎರಡು ದಿನ ವಾಂತಿ ಭೇದಿ. ಹೋಗುವುದು ನೀರೆಂದು ನಾವು ತಿಳಿದಿರುತ್ತೇವೆ. ಜೊತೆಗೆ ಪೊಟ್ಯಾಸಿಯಂ ಹೋಗುತ್ತದೆ. ಒಂದು ಬಡಿತ ಮುಗಿಸಿದ ಹೃದಯದ ಜೀವಕೋಶ ಮುಂದಿನ ಬಡಿತಕ್ಕೆ ವಿದ್ಯುತ್ತಿನಲ್ಲಿ ಸಜ್ಜಾಗಲು ಬೇಕಾದದ್ದು ಅದು. ಕಡಿಮೆಯಾದರೆ ಸಜ್ಜಾಗುವುದು ತಡವಾಗುತ್ತದೆ, ತಡವಾದ ಸಂದಿನಲ್ಲಿ ಅವಸರದ ಬಡಿತ ನುಗ್ಗುತ್ತದೆ. ಒಂದು ಲೀಟರ್ ಓಆರ್‌ಎಸ್‌ನಲ್ಲಿ ಒಂದೂವರೆ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇರುವುದು ಸುಮ್ಮನೆ ಅಲ್ಲ. ಪೊಟ್ಟಣದ ಮೇಲೆ ಒಂದು ಲೀಟರ್ ಎಂದಿದ್ದರೆ ಒಂದು ಲೀಟರಿಗೇ ಕಲಸಿ, ಲೋಟಕ್ಕೆ ಒಂದು ಚಮಚ ಎಂದು ಅಂದಾಜಿಗೆ ಹಾಕಬೇಡಿ. ಎಳನೀರಿನಲ್ಲೂ ಪೊಟ್ಯಾಸಿಯಂ ಧಾರಾಳ ಇದೆ; ಕಿಡ್ನಿ ಕೆಟ್ಟವರಿಗೆ ಅದೇ ಧಾರಾಳ ಅಪಾಯ.

ಈಗ ಮಾತ್ರೆಯ ವಿಷಯ. ಇದನ್ನು ಹೇಳಲೇಬೇಕೆಂದು ಇವತ್ತು ಒಪ್ಪಿಕೊಂಡು ಬಂದೆ.

1990ರ ದಶಕದಲ್ಲಿ ಎದೆಯುರಿಗೆ, ಹೊಟ್ಟೆ ಉಬ್ಬರಕ್ಕೆ ಸಿಸಪ್ರೈಡ್ ಎಂಬ ಮಾತ್ರೆ ಪ್ರಪಂಚದಲ್ಲೆಲ್ಲ ನಡೆಯಿತು. ಜಠರವನ್ನು ಬೇಗ ಖಾಲಿ ಮಾಡುತ್ತಿತ್ತು. ಕೆಲವರ ಹೃದಯದ ಲಯವನ್ನೂ ಕೆಡಿಸುತ್ತಿತ್ತು, ಜೀವ ಹೋಗುವಷ್ಟು. 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ನಮ್ಮಲ್ಲಿ ನಿಷೇಧವಾದದ್ದು 2011ರಲ್ಲಿ. ಅದರ ಕುರ್ಚಿಯಲ್ಲಿ ಈಗ ಕೂತಿರುವುದು ಡಾಂಪೆರಿಡೋನ್. ಆಮ್ಲ ತಗ್ಗಿಸುವ 40 ಮಿಲಿಗ್ರಾಂ ಪ್ಯಾಂಟೊಪ್ರಜೋಲ್ ಜೊತೆಗೆ 30 ಮಿಲಿಗ್ರಾಂ ಡಾಂಪೆರಿಡೋನ್ ಸೇರಿಸಿದ ಕ್ಯಾಪ್ಸೂಲ್ ನಿಮ್ಮಲ್ಲಿ ಅರ್ಧ ಜನರ ಚೀಲದಲ್ಲಿ ಈಗಲೂ ಇರಬಹುದು, ತೆಗೆದು ನೋಡಿ. ಯುರೋಪಿನ ಔಷಧ ನಿಯಂತ್ರಕರು 2014ರಲ್ಲಿ ಹೇಳಿದ್ದು: ಡಾಂಪೆರಿಡೋನ್ ವಾಕರಿಕೆ, ವಾಂತಿಗೆ ಮಾತ್ರ, ದೊಡ್ಡವರಿಗೆ ದಿನಕ್ಕೆ 30 ಮಿಲಿಗ್ರಾಂ ಮೀರಬಾರದು, ಸಾಮಾನ್ಯವಾಗಿ ಒಂದು ವಾರ ದಾಟಬಾರದು, ಅರವತ್ತು ದಾಟಿದವರಲ್ಲಿ ಹೃದಯದ ಅಪಾಯ ಹೆಚ್ಚು. ನಮ್ಮ ಅಜ್ಜಂದಿರು ಅದನ್ನು ಖಾಲಿ ಹೊಟ್ಟೆಗೆ, ದೇವರ ತೀರ್ಥದ ಹಾಗೆ, ಆರು ವರ್ಷದಿಂದ ತೆಗೆದುಕೊಳ್ಳುತ್ತಿದ್ದಾರೆ. ಪ್ಯಾಂಟೊಪ್ರಜೋಲ್ ವರ್ಗದ ಮಾತ್ರೆಗಳೂ ವರ್ಷಗಟ್ಟಲೆ ನುಂಗಿದರೆ ಕೆಲವರ ಮೈಯ ಮೆಗ್ನೀಸಿಯಂ ಇಳಿಸುತ್ತವೆ; ಅಮೆರಿಕದ ಔಷಧ ಇಲಾಖೆ 2011ರಲ್ಲೇ ಎಚ್ಚರಿಸಿತ್ತು. ಮೆಗ್ನೀಸಿಯಂ ಇಳಿದರೆ ಲಯಕ್ಕೆ ಪೆಟ್ಟು.

ಈಗ ಒಂದು ಲೆಕ್ಕ ಹಾಕಿ. ಭೇದಿಯಾದ ಅಜ್ಜ. ಮೈಯಲ್ಲಿ ಪೊಟ್ಯಾಸಿಯಂ ಆಗಲೇ ಇಳಿದಿದೆ. ಮೆಡಿಕಲ್ ಶಾಪಿನ ಹುಡುಗ 'ಲೂಸ್ ಮೋಷನ್ನಾ?' ಎಂದು ಕತ್ತರಿಯಲ್ಲಿ ಸ್ಟ್ರಿಪ್ ಕತ್ತರಿಸಿ ಆಫ್ಲಾಕ್ಸಸಿನ್ ಇರುವ ಮಾತ್ರೆ ಆರು ಕೊಡುತ್ತಾನೆ; ಆ ವರ್ಗದ ಮಾತ್ರೆಗೂ ಹೃದಯ ಸಜ್ಜಾಗುವುದನ್ನು ತಡಮಾಡುವ ಗುಣ ಇದೆ. ಗ್ಯಾಸ್ ಕ್ಯಾಪ್ಸೂಲ್ ಹೇಗೂ ನಡೆಯುತ್ತಿದೆ. ಮೂರೂ ಒಂದೇ ದಿಕ್ಕಿಗೆ ಎಳೆಯುತ್ತವೆ. ಎದೆ ಹೊಡೆದುಕೊಳ್ಳತೊಡಗಿದಾಗ ಮನೆಯವರು ಏನು ಮಾಡುತ್ತಾರೆ? ಇನ್ನೊಂದು ಗ್ಯಾಸ್ ಮಾತ್ರೆ ಕೊಡುತ್ತಾರೆ. ದಯವಿಟ್ಟು ಯಾರೂ ನಾಳೆಯೇ ಮಾತ್ರೆ ಎಸೆಯಬೇಡಿ; ಹೊಟ್ಟೆಹುಣ್ಣು ಇದ್ದವರಿಗೆ, ಹೃದ್ರೋಗದ ಆಸ್ಪಿರಿನ್ ತಿನ್ನುವವರಿಗೆ ಆಮ್ಲದ ಮಾತ್ರೆ ಜೀವ ಉಳಿಸುತ್ತದೆ. ಬರೆದುಕೊಟ್ಟ ವೈದ್ಯರ ಹತ್ತಿರ ಹೋಗಿ ಒಂದೇ ಪ್ರಶ್ನೆ ಕೇಳಿ: ಇದು ಎಷ್ಟು ದಿನ? ನಾನು ಬರೆದುಕೊಟ್ಟಿದ್ದರೆ ನನ್ನನ್ನೂ ಕೇಳಿ.

ತೇಗಿನ ವಿಷಯ ಬಾಕಿ ಇತ್ತು. ಗೋಲಿಸೋಡ ಕುಡಿದು ಜೋರಾಗಿ ತೇಗಿ 'ನೋಡಿ, ಗ್ಯಾಸೇ' ಎನ್ನುತ್ತಾರಲ್ಲ, ಆ ಗ್ಯಾಸು ಸೋಡದ್ದು. ನಾವೇ ಒಳಗೆ ಹಾಕಿದ್ದನ್ನು ನಾವೇ ಹೊರಗೆ ತೆಗೆದು ರೋಗ ಪತ್ತೆಯಾಯಿತು ಎನ್ನುತ್ತೇವೆ. ಹೃದಯದ ಕೆಳಗೋಡೆ ವಪೆಯ ಮೇಲೆ ಕೂತಿದೆ ಎಂದೆನಲ್ಲ, ಆ ಗೋಡೆಗೆ ರಕ್ತ ನಿಂತು ಹೃದಯಾಘಾತವಾದರೆ ವಾಕರಿಕೆ, ಬೆವರು, ತೇಗು, ಮೇಲ್ಹೊಟ್ಟೆಯ ಹಿಂಡುವಿಕೆ ಬರುತ್ತದೆ. ನಾಡಿ ನಿಧಾನವಾಗಿ ಬಡಿತ ತಪ್ಪಲೂಬಹುದು. ಅದೇ ವೇಗಸ್. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಒಂದು ನರ್ಸಿಂಗ್ ಹೋಮಿಗೆ ರಾತ್ರಿ ಹನ್ನೊಂದಕ್ಕೆ ಒಬ್ಬರು ಮದುವೆ ಊಟ ಮುಗಿಸಿ ಬಂದರು. 'ಬಿರಿಯಾನಿ ಜಾಸ್ತಿ ಆಯ್ತು' ಎಂದು ಅವರೇ ಕಾಯಿಲೆ ಹೇಳಿದರು, ನಾನು ಒಪ್ಪಿಕೊಂಡೆ. ಗುಲಾಬಿ ಬಣ್ಣದ ಆ್ಯಂಟಾಸಿಡ್ ಕುಡಿಸಿದೆ, ತೇಗಿದರು, ಹಗುರವಾಯಿತು ಎಂದರು, ಹೊರಟುಹೋದರು. ಇಸಿಜಿ ಯಂತ್ರ ಪಕ್ಕದ ಕೋಣೆಯಲ್ಲಿತ್ತು, ಕೀಲಿ ನನ್ನ ಮೇಜಿನ ಮೇಲಿತ್ತು. ಬೆಳಗಿನ ಜಾವ ಮತ್ತೆ ಕರೆತಂದರು. ಬದುಕಿದರು, ಅದು ನನ್ನ ಜಾಣತನದಿಂದಲ್ಲ. ಲಂಡನ್ನಿನ ವಿಲಿಯಂ ಹೆಬರ್ಡನ್ 1768ರಲ್ಲೇ ಎದೆನೋವಿನ ಬಗ್ಗೆ ಓದಿದ ಪ್ರಬಂಧದಲ್ಲಿ, ಉಂಡ ಕೂಡಲೇ ನಡೆಯುವಾಗ ಅದು ಬರುವುದನ್ನು ಗುರುತಿಸಿದ್ದ. ಊಟದ ನಂತರ ಬಂತು ಎಂಬ ಕಾರಣಕ್ಕೆ ಹೃದಯವನ್ನು ಖುಲಾಸೆ ಮಾಡುವಂತಿಲ್ಲ ಎಂದು ನನಗಿಂತ ಇನ್ನೂರು ವರ್ಷ ಮೊದಲೇ ಗೊತ್ತಿತ್ತು.

2021ರ ಅಕ್ಟೋಬರ್ ಕೊನೆಗೆ ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜನ ಇಸಿಜಿಗೆ ಸಾಲುಗಟ್ಟಿ ನಿಂತರು. ಈಗ ಅವರ ಹೆಸರಿನಲ್ಲೇ ಸರ್ಕಾರದ ಹೃದಯ ಜ್ಯೋತಿ ಯೋಜನೆ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ಹೃದ್ರೋಗ ಕೇಂದ್ರದವರು ಓದಿ ಹೇಳುತ್ತಾರೆ. ಬಡಿತ ತಪ್ಪುವವರಿಗೆ ಒಂದು ತೊಡಕು ಉಳಿಯುತ್ತದೆ. ರಾತ್ರಿ ಹನ್ನೊಂದಕ್ಕೆ ತಪ್ಪಿದ್ದು ಬೆಳಿಗ್ಗೆ ಹತ್ತರ ಇಸಿಜಿಯಲ್ಲಿ ಕಾಣುವುದಿಲ್ಲ. ಆಗುತ್ತಿರುವಾಗಲೇ ಹಿಡಿಯಬೇಕು, ಇಲ್ಲವಾದರೆ ಒಂದು ದಿನವಿಡೀ ಮೈಗೆ ಕಟ್ಟುವ ಹೋಲ್ಟರ್ ಯಂತ್ರ ಬೇಕು. ಅದೂ ಸಿಗದಾಗ ನಿಮ್ಮ ಮೂರು ಬೆರಳಿವೆ. ಹೆಬ್ಬೆರಳಿನ ಬುಡದಲ್ಲಿ ಮಣಿಕಟ್ಟಿನ ಮೇಲಿಟ್ಟು ಒಂದು ನಿಮಿಷ ಪೂರ್ತಿ ಎಣಿಸಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ತಪ್ಪಿದ್ದು ಅದರಲ್ಲಿ ಸಿಗುವುದಿಲ್ಲ. ಆಗೊಮ್ಮೆ ಈಗೊಮ್ಮೆ ಎಡವುತ್ತಿದೆಯೋ, ತಾಳವೇ ಇಲ್ಲವೋ, ಅಷ್ಟು ಹೇಳಿದರೆ ವೈದ್ಯರ ಅರ್ಧ ಕೆಲಸ ಆಯಿತು. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಡ್ರಾಯರಿನಲ್ಲಿದ್ದರೆ ಹಾಕಿ ನೋಡಿ, ನಾಡಿಯ ಅಂಕಿ ಮಂಗನ ಹಾಗೆ ಹಾರಾಡುತ್ತಿದ್ದರೆ ಬೇಗ ಹೊರಡಿ. ತಲೆಸುತ್ತು, ಎದೆಯ ಹಿಂಡುವಿಕೆ, ಉಸಿರಾಟದ ಕಷ್ಟ ಜೊತೆಗಿದ್ದರೆ ಎಣಿಸುತ್ತಾ ಕೂರಬೇಡಿ.

ಒಬ್ಬರ ವಿಷಯ ಹೇಳಿ ಊಟಕ್ಕೆ ಬಿಡುತ್ತೇನೆ. ಗಣಿಯಲ್ಲಿ ವೈಂಡಿಂಗ್ ಎಂಜಿನ್ ನಡೆಸುತ್ತಿದ್ದವರು. ಕೆಳಗಿಂದ ಗಂಟೆ ಎಷ್ಟು ಸಲ ಬಡಿಯಿತೆಂದು ಎಣಿಸಿ, ಆಳುಗಳಿರುವ ಪಂಜರವನ್ನು ಏರಿಸುವುದು, ಇಳಿಸುವುದು, ನಿಲ್ಲಿಸುವುದು. ಎಣಿಕೆ ತಪ್ಪಿದರೆ ಜೀವ ಹೋಗುವ ಕೆಲಸ. ಎರಡು ವರ್ಷ ಗ್ಯಾಸಿನ ಮಾತ್ರೆ ನುಂಗಿದ್ದರು. ನನ್ನ ಮುಂದೆ ಕೂತು, ತಮ್ಮ ಕೈಯನ್ನು ತಾವೇ ಹಿಡಿದುಕೊಂಡು, ತಮಿಳು ಬೆರೆತ ಕನ್ನಡದಲ್ಲಿ ಹೇಳಿದರು: 'ಡಾಕ್ಟ್ರೇ, ಬೆಲ್ಲು ಕೋಡ್ ಪ್ರಕಾರ ಬರ್ತಾ ಇಲ್ಲ. ಇಂಥ ಬೆಲ್ಲಿಗೆ ನಾನು ಎಂಜಿನ್ ಎತ್ತಲ್ಲ.' ಇಸಿಜಿಯಲ್ಲಿ ಹೃತ್ಕರ್ಣದ ಬಡಿತ ತೋರಿಸುವ ಪಿ ಅಲೆ ಒಂದೂ ಇರಲಿಲ್ಲ. ಏಟ್ರಿಯಲ್ ಫಿಬ್ರಿಲೇಶನ್. ರಕ್ತ ತೆಳುವಾಗಿಸುವ ವಾರ್ಫರಿನ್ ಶುರುವಾಯಿತು.

ಆಗ ಊಟ ಮತ್ತೆ ಬಂತು. ವಾರ್ಫರಿನ್ನಿಗೂ ಸೊಪ್ಪಿನ ವಿಟಮಿನ್ ಕೆಗೂ ಎಣ್ಣೆ ಸೀಗೆಕಾಯಿ. ಮೊದಲು ನೋಡಿದವರು ಯಾರೋ ಸೊಪ್ಪು ಮುಟ್ಟಬೇಡಿ ಎಂದಿದ್ದರಂತೆ. ಮಸ್ಸೊಪ್ಪು, ಬಸ್ಸಾರು, ಹುಳಿಸೊಪ್ಪು ಬಿಟ್ಟರೆ ಕೋಲಾರ ಜಿಲ್ಲೆಯಲ್ಲಿ ಮುದ್ದೆಗೆ ಇನ್ನೇನಿದೆ? ಬಿಡಬೇಕಿಲ್ಲ ಎಂದೆ. ವಾರಕ್ಕೆ ಮೂರು ದಿನ ತಿನ್ನುವುದಾದರೆ ಪ್ರತಿ ವಾರವೂ ಮೂರೇ ದಿನ, ಹೆಚ್ಚುಕಡಿಮೆ ಅಷ್ಟೇ ಪ್ರಮಾಣ. ಆ ಊಟಕ್ಕೆ ಮಾತ್ರೆಯ ಅಳತೆ ಹೊಂದಿಸೋಣ, ರಕ್ತಪರೀಕ್ಷೆ ತಪ್ಪಿಸಬೇಡಿ. ಎಣಿಕೆಯ ಮನುಷ್ಯ, ಅವರಿಗೆ ಇದು ಕಷ್ಟವಾಗಲಿಲ್ಲ. ಸೊಪ್ಪಿನ ದಿನಗಳಿಗೆ ಕ್ಯಾಲೆಂಡರಿನಲ್ಲಿ ಹಸಿರು ಪೆನ್ನಿನ ಗುರುತು ಹಾಕಿ ತಂದು ತೋರಿಸುತ್ತಾರೆ.

ತೋರಿಸಿ, ಚೀಟಿ ಮಡಚಿ ಜೇಬಿಗಿಟ್ಟುಕೊಂಡು, ಬಾಗಿಲವರೆಗೆ ಹೋಗಿ, ತಿರುಗಿ ನಿಂತು ಪ್ರತಿ ಸಲವೂ ಕೇಳುತ್ತಾರೆ: 'ಹಾಗೇ ಗ್ಯಾಸಿಗೂ ಒಂದು ಬರೀರಲ್ಲ?'